ಕೃತಜ್ಞತೆ ಮತ್ತು ತಿರಸ್ಕಾರ

ಇಂಗ್ಲಿಷಿನ ‘ಥ್ಯಾಂಕ್’ ಮತ್ತು ‘ಥಿಂಕ್’ ಎಂಬ ಶಬ್ದಗಳು ಒಂದೇ ಮೂಲದಿಂದ ಹುಟ್ಟಿದವು. ಪಡೆದುದನ್ನು ನೆನೆಯುವುದೇ ವಂದನೆಯ ತಿರುಳು ಎಂಬುದು ಇದರಿಂದ ತಿಳಿಯುತ್ತದೆ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ನಮ್ಮ ಗಾದೆಯೂ ಇದನ್ನೇ ಸಾರುತ್ತದೆ. ‘ಥ್ಯಾಂಕ್ಸ್’ ಎಂಬುದು ನಾಲಗೆಯ ಮಾತು. ‘ಗ್ರ್ಯಾಟಿಟ್ಯೂಡ್’ ಮನಸ್ಸಿನಲ್ಲಿ ನೆಲೆಸಿದ ಭಾವ.

ಇದಕ್ಕೆ ಎದುರಾದ ಭಾವದಲ್ಲಿಯೂ ಇಂತಹ ಭೇದವುಂಟು. ಒಬ್ಬರನ್ನು ಕೀಳೆಂದು ಮನಸ್ಸಿನಲ್ಲಿ ಎಣಿಸುವುದು ‘ಕಂಟೆಂಪ್ಟ್’. ಅದು ಮಾತಿನಲ್ಲಿಯೋ ಮುಖದಲ್ಲಿಯೋ ಹೊರಬಿದ್ದಾಗ ‘ಸ್ಕಾರ್ನ್’. ಅವರು ತನ್ನ ಗಮನಕ್ಕೇ ಯೋಗ್ಯರಲ್ಲವೆಂದು ಬಗೆಯುವುದು ‘ಡಿಸ್ಡೇನ್’. ಈ ಮೂರಕ್ಕೂ ನಾವು ಸಾಮಾನ್ಯವಾಗಿ ‘ತಿರಸ್ಕಾರ’ ಎನ್ನುತ್ತೇವೆ. ‘ತಿರಸ್’ ಎಂದರೆ ಮರೆ, ಓರೆ. ಮುಂದಿರಿಸಿ ಗೌರವಿಸುವುದು ಪುರಸ್ಕಾರ. ಕಾಣದಂತೆ ಬದಿಗೆ ಸರಿಸುವುದು ತಿರಸ್ಕಾರ. ಆದುದರಿಂದ ತಿರಸ್ಕರಿಸಲು ಕೋಪವೇ ಬೇಕೆಂದಿಲ್ಲ. ಕಂಡೂ ಕಾಣದಂತಿದ್ದರೆ ಸಾಕು.

‘ಕೃತಜ್ಞ’, ‘ಕೃತಘ್ನ’ ಎಂಬ ಪದಗಳಿಗೆ ಒಂದೇ ಅಕ್ಷರದ ಅಂತರ. ಮಾಡಿದ ಉಪಕಾರವನ್ನು ಅರಿತವನು ಕೃತಜ್ಞ. ಅದನ್ನು ಕೊಂದವನು ಕೃತಘ್ನ. ಬರೆಯುವಾಗ ಒಂದರ ಬದಲು ಇನ್ನೊಂದು ಬಂದರೆ ಅರ್ಥವೇ ತಲೆಕೆಳಗಾಗುತ್ತದೆ.

ಬದುಕಿನಲ್ಲಿಯೂ ಈ ಅಂತರ ಕಿರಿದೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಕೆ ತೋಟಗಳಿಗೆ ಹಸಿಸೊಪ್ಪು ಮತ್ತು ಒಣಗಿದ ಎಲೆಯಾದ ದರಕು ದೊರೆಯುವುದು ಸೊಪ್ಪಿನ ಬೆಟ್ಟದಿಂದ. 1 ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ಇಂತಹ ಬೆಟ್ಟದ ಸೌಲಭ್ಯವನ್ನು ಸರಕಾರ ಹಿಂದೆಯೇ ಒದಗಿಸಿತ್ತು. ತುದಿಯ ಕುಡಿಯನ್ನು ಉಳಿಸಿ ಸೊಪ್ಪು ಕೊಯ್ದರೆ ಮರ ಮತ್ತೆ ಚಿಗುರುತ್ತದೆ. ವರ್ಷವರ್ಷವೂ ಬೋಳಿಸಿದರೆ ಒಣಗುತ್ತದೆ. ಇಬ್ಬರೂ ಸೊಪ್ಪು ತಂದವರೇ. ಆದರೆ ಒಬ್ಬನು ಮರವನ್ನು ಕಂಡನು, ಇನ್ನೊಬ್ಬನು ಸೊಪ್ಪನ್ನು ಮಾತ್ರ ಕಂಡನು. ಭೂಮಿಹುಣ್ಣಿಮೆಯಂದು ಗದ್ದೆಗೆ ಎಡೆಯಿಡುವ ರೈತನು ಭೂಮಿಯನ್ನು ಬಸುರಿಯೆಂದೇ ಭಾವಿಸುತ್ತಾನೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಾಸೆಯ ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ‘ಅಪ್ಪಿಕೋ’ ಚಳವಳಿ ಹೀಗೆ ಮೊದಲಾಯಿತು. ಆ ಜನರ ಕೃತಜ್ಞತೆಗೆ ಮಾತು ಬೇಕಾಗಲಿಲ್ಲ.

ನಮಗೆ ನಿತ್ಯವೂ ಉಪಕರಿಸುವವರು ಅನೇಕರು. ಶಾಲೆಯ ಅಂಗಳ ಗುಡಿಸುವವರ, ಬಿಸಿಯೂಟ ಬಡಿಸುವವರ ಹೆಸರನ್ನಾದರೂ ನಾವು ಬಲ್ಲೆವೆ? ಅವರನ್ನು ನಾವು ಬಯ್ದಿಲ್ಲವೆಂಬುದು ನಿಜ. ಆದರೆ ಬಯ್ಯದಿದ್ದ ಮಾತ್ರಕ್ಕೆ ತಿರಸ್ಕರಿಸಲಿಲ್ಲವೆಂದು ಹೇಳಲಾಗದು. ವಿದ್ಯಾರ್ಥಿಗಳು ಮೊದಲು ಅವರನ್ನು ಕಾಣಲಿ, ಹೆಸರು ಹಿಡಿದು ಗೌರವದಿಂದ ಮಾತನಾಡಿಸಲಿ. ವಂದನೆಯ ಮಾತು ತಾನಾಗಿಯೇ ಬರುತ್ತದೆ.