‘ವರಸೆ’ಯ ಪಾಠ: ಪದವಿ ತರಗತಿಯ ಸಮಾಜಶಾಸ್ತ್ರ, ಮಾನವಶಾಸ್ತ್ರ ಮತ್ತು ಕನ್ನಡದ ನಂಟುಪದಗಳು

ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವ ವಿದ್ಯಾರ್ಥಿಗೆ ಸಮಾಜಶಾಸ್ತ್ರದ ‘ಬಂಧುತ್ವ’ದ ಅಧ್ಯಾಯ ಸಾಮಾನ್ಯವಾಗಿ ವ್ಯಾಖ್ಯೆಗಳ ರೂಪದಲ್ಲಿ ಎದುರಾಗುತ್ತದೆ. ರಕ್ತಸಂಬಂಧ, ವಿವಾಹಸಂಬಂಧ, ಪ್ರಾಥಮಿಕ ಬಂಧುಗಳು, ದ್ವಿತೀಯಕ ಬಂಧುಗಳು ಎಂದು ವಿಭಾಗಿಸಿ, ಪ್ರತಿಯೊಂದಕ್ಕೂ ಒಂದೆರಡು ಉದಾಹರಣೆ ಕೊಟ್ಟು ಪಾಠ ಮುಗಿಯುತ್ತದೆ. ಈ ವಿವರಣೆಯ ಬಹುಪಾಲು ಇಂಗ್ಲಿಷ್ ಪಠ್ಯಗಳಿಂದ ಅನುವಾದಗೊಂಡದ್ದು. ಮನೆಯಲ್ಲಿ ಬಾಲ್ಯದಿಂದಲೂ ಮಾತಾಡಿಕೊಂಡು ಬಂದ ನಂಟುಪದಗಳೇ ಈ ಶಾಸ್ತ್ರದ ಮೂಲಸಾಮಗ್ರಿ ಎಂಬ ಅರಿವು ವಿದ್ಯಾರ್ಥಿಗೆ ಉಂಟಾಗುವುದು ಅಪರೂಪ. ಪರಿಣಾಮವಾಗಿ, ತನಗೆ ಚೆನ್ನಾಗಿ ಗೊತ್ತಿರುವುದನ್ನೇ ಆತ ಅಪರಿಚಿತ ವಿಷಯದಂತೆ ಕಂಠಪಾಠ ಮಾಡುತ್ತಾನೆ.

ಈ ಸ್ಥಿತಿಗೆ ಎರಡು ಶಾಸ್ತ್ರಗಳ ನಡುವಣ ವಿಭಜನೆಯೂ ಕಾರಣ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇವು ಬೇರೆಬೇರೆ ನೆಲೆಗಳಲ್ಲಿ ಬೇರೂರಿದವು: 1919ರಲ್ಲಿ ಮುಂಬಯಿಯಲ್ಲಿ ಸಮಾಜಶಾಸ್ತ್ರ ವಿಭಾಗ, 1920ರ ಸುಮಾರಿಗೆ ಕಲ್ಕತ್ತೆಯಲ್ಲಿ ಮಾನವಶಾಸ್ತ್ರ ವಿಭಾಗ. ವಸಾಹತುಶಾಹಿ ಕಾಲದ ಜನಾಂಗ ವಿವರಣೆಗಳ ಹಿನ್ನೆಲೆಯಲ್ಲಿ ಬೆಳೆದ ಮಾನವಶಾಸ್ತ್ರ ಬುಡಕಟ್ಟುಗಳ ಅಧ್ಯಯನವೆಂದೂ ಸಮಾಜಶಾಸ್ತ್ರ ‘ನಾಗರಿಕ’ ಸಮಾಜದ ಅಧ್ಯಯನವೆಂದೂ ಗ್ರಹಿಕೆ ರೂಢವಾಯಿತು. ಮೈಸೂರಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರ ಓದಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾಗಿ, ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ಮಾನವಶಾಸ್ತ್ರವನ್ನು ಅಭ್ಯಸಿಸಿದ ಎಂ.ಎನ್. ಶ್ರೀನಿವಾಸ್ ಈ ಗೆರೆಯನ್ನು ಒಪ್ಪಲಿಲ್ಲ. ಆದರೆ ಪದವಿ ತರಗತಿಯಲ್ಲಿ ಗೆರೆ ಉಳಿದಿದೆ. ಸಮಾಜಶಾಸ್ತ್ರ ಬಹುತೇಕ ಕಾಲೇಜುಗಳಲ್ಲಿದೆ, ಮಾನವಶಾಸ್ತ್ರ ಕೆಲವೆಡೆ ಮಾತ್ರ. ಕನ್ನಡದಲ್ಲಿ ಅದರ ಹೆಸರೂ ‘ಮಾನವಶಾಸ್ತ್ರ’, ‘ಮಾನವಕುಲಶಾಸ್ತ್ರ’ ಎಂದು ಇಂದಿಗೂ ಎರಡಾಗಿ ನಡೆಯುತ್ತಿದೆ. ಬಂಧುತ್ವದ ಸೂಕ್ಷ್ಮ ವಿಶ್ಲೇಷಣೆ ಮಾನವಶಾಸ್ತ್ರದ ಪಾಲಿಗೆ ಹೋದುದರಿಂದ ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಅದರ ವ್ಯಾಖ್ಯೆಗಳಷ್ಟೇ ಸಿಗುತ್ತವೆ.

ಕನ್ನಡದ ‘ವರಸೆ’ ಎಂಬ ಪದವನ್ನು ಇಲ್ಲಿ ಪರಿಶೀಲಿಸಬಹುದು. ಅಪರಿಚಿತರಿಬ್ಬರು ಮದುವೆಮನೆಯಲ್ಲಿ ಭೇಟಿಯಾದಾಗ ‘ವರಸೆಯಲ್ಲಿ ಏನಾಗಬೇಕು?’ ಎಂದು ಕೇಳಿಕೊಳ್ಳುವುದು ವಾಡಿಕೆ. ಪ್ರಶ್ನೆ ರಕ್ತದ ದೂರವನ್ನು ಕುರಿತದ್ದಲ್ಲ, ವರ್ಗವನ್ನು ಕುರಿತದ್ದು. ತಂದೆಯ ಅಣ್ಣತಮ್ಮಂದಿರ ಮಕ್ಕಳು, ತಾಯಿಯ ಅಕ್ಕತಂಗಿಯರ ಮಕ್ಕಳು ವರಸೆಯಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ. ಸೋದರತ್ತೆಯ ಮತ್ತು ಸೋದರಮಾವನ ಮಕ್ಕಳು ಹಾಗಲ್ಲ. ಅವರೊಂದಿಗೆ ಹೆಣ್ಣು ಕೊಟ್ಟು ತರುವ ಸಂಬಂಧ ಸಾಧ್ಯ. ಇಂಗ್ಲಿಷಿನ ‘ಕಸಿನ್’ ಎಂಬ ಪದ ಈ ಎರಡೂ ಗುಂಪುಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಅದನ್ನು ಬಿಡಿಸಲು ಆ ಭಾಷೆಯ ವಿದ್ವಾಂಸರು ‘ಕ್ರಾಸ್’, ‘ಪ್ಯಾರಲಲ್’ ಎಂಬ ವಿಶೇಷಣಗಳನ್ನು ಸೇರಿಸಬೇಕಾಯಿತು. ನಮ್ಮ ಪಠ್ಯಪುಸ್ತಕಗಳು ಆ ವಿಶೇಷಣಗಳನ್ನು ಮತ್ತೆ ಸಂಸ್ಕೃತಕ್ಕೆ ತಿರುಗಿಸಿ ವಿದ್ಯಾರ್ಥಿಯ ಮುಂದಿಡುತ್ತವೆ. ಇಂಗ್ಲಿಷಿನ ಕೊರತೆಯನ್ನು ತುಂಬಲು ಹುಟ್ಟಿದ ಪರಿಭಾಷೆಯನ್ನು, ಆ ಕೊರತೆಯೇ ಇಲ್ಲದ ಭಾಷೆಯವರು ಕಷ್ಟಪಟ್ಟು ಕಲಿಯುವ ವಿಪರ್ಯಾಸವಿದು.

‘ಮಾವ’ ಎಂಬ ಪದವನ್ನೇ ನೋಡಬಹುದು. ತಾಯಿಯ ಸೋದರ, ಸೋದರತ್ತೆಯ ಗಂಡ, ಹೆಂಡತಿಯ ಅಥವಾ ಗಂಡನ ತಂದೆ ಇವರೆಲ್ಲರಿಗೂ ಅದು ಸಲ್ಲುತ್ತದೆ. ‘ಅತ್ತೆ’ಯ ವ್ಯಾಪ್ತಿಯೂ ಇದಕ್ಕೆ ಸರಿಜೋಡಿಯಾಗಿದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ನಂಟುಪದಗಳ ಪಟ್ಟಿಯೂ ಇದೆ. ಅಮೆರಿಕದ ಇರೊಕ್ವಾ ಜನರ ಪದವ್ಯವಸ್ಥೆಗೂ ದ್ರಾವಿಡ ವ್ಯವಸ್ಥೆಗೂ ಇರುವ ಹೋಲಿಕೆಯಿಂದ ಆ ಜನರ ಮೂಲ ಏಷ್ಯಾದಲ್ಲಿದೆ ಎಂದು ಸಾಧಿಸಲು ಆತ ಹೊರಟನು. ಆ ಬಗೆಯ ಸಾಧನೆ ನಿಲ್ಲಲಿಲ್ಲ, ಆದರೆ ಪಟ್ಟಿಗಳ ಮಹತ್ವ ಉಳಿಯಿತು. 1953ರಲ್ಲಿ ಫ್ರಾನ್ಸಿನ ಲೂಯಿ ದ್ಯುಮೋ ದ್ರಾವಿಡ ನಂಟುಪದಗಳನ್ನು ವಿವಾಹಸಂಬಂಧದ ಅಭಿವ್ಯಕ್ತಿಯೆಂದು ವಿವರಿಸಿದರು. ಅವರ ವಾದದಂತೆ ‘ಮಾವ’ ಮೊದಲು ತಾಯಿಯ ಸೋದರನಾಗಿ, ಆಮೇಲೆ ಹೆಣ್ಣು ಕೊಟ್ಟವನಾಗಿ ಅರ್ಥ ಪಡೆಯುವುದಿಲ್ಲ. ಆತ ತಂದೆಯ ಪಾಲಿಗೆ ಮೊದಲಿನಿಂದಲೂ ನೆಂಟಸ್ತನದ ಕಡೆಯವನೇ.

ಈ ಸೊಗಸಾದ ಸೂತ್ರಕ್ಕೂ ಕರ್ನಾಟಕದ ವಾಸ್ತವ ತೊಡಕೊಡ್ಡುತ್ತದೆ. ಗಂಡಸಿಗೆ ತನ್ನ ಅಕ್ಕನ ಮಗಳು ‘ಸೋದರ ಸೊಸೆ’. ಪದದ ತರ್ಕದ ಪ್ರಕಾರ ಆಕೆ ತನ್ನ ಮಗನಿಗೆ ತಕ್ಕವಳು. ಆದರೆ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತಾನೇ ಮದುವೆಯಾಗುವ ರೂಢಿಯಿದೆ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿಯಿದ್ದಲ್ಲಿ ಇಂಥ ಸಂಬಂಧಕ್ಕೆ ಅವಕಾಶ ಉಳಿಸಿದೆ. ಆಗ ಅಕ್ಕ ಅತ್ತೆಯಾಗುತ್ತಾಳೆ, ಭಾವ ಮಾವನಾಗುತ್ತಾನೆ. ಆದರೆ ಮದುವೆಗೆ ಮುಂಚೆ ಅಕ್ಕನನ್ನು ಯಾರೂ ಅತ್ತೆಯೆನ್ನುವುದಿಲ್ಲ. ನಂಟುಪದಗಳು ಒಂದು ಬಗೆಯ ಮದುವೆಯನ್ನು ಮೊದಲೇ ಊಹಿಸಿಕೊಂಡಿವೆ, ಇನ್ನೊಂದನ್ನು ಊಹಿಸಿಕೊಂಡಿಲ್ಲ. ಪದವ್ಯವಸ್ಥೆಯೂ ಆಚರಣೆಯೂ ಒಂದಕ್ಕೊಂದು ಪೂರ್ತಿ ಹೊಂದಬೇಕಾಗಿಲ್ಲ ಎಂಬ ಬಂಧುತ್ವ ಅಧ್ಯಯನದ ಬಹು ಮುಖ್ಯ ಪಾಠವನ್ನು ಪದವಿಯ ಮೊದಲ ವರ್ಷದ ವಿದ್ಯಾರ್ಥಿ ತನ್ನ ಮನೆಯ ಮಾತಿನಿಂದಲೇ ಕಂಡುಕೊಳ್ಳಬಲ್ಲ.

ಕರಾವಳಿಯ ಅಳಿಯಸಂತಾನವನ್ನು ಬೋಧಿಸುವಾಗಲೂ ಪದವೇ ಎಡವಿಸುತ್ತದೆ. ಬಯಲುಸೀಮೆಯ ವಿದ್ಯಾರ್ಥಿ ‘ಅಳಿಯ’ನೆಂದರೆ ಮಗಳ ಗಂಡನೆಂದು ತಿಳಿದು, ಆಸ್ತಿ ಅವನಿಗೆ ಹೋಗುತ್ತದೆಂದು ಬರೆಯುವುದುಂಟು. ಇಲ್ಲಿ ಅಳಿಯನೆಂದರೆ ಸೋದರಿಯ ಮಗ. ವಂಶ ಸಾಗುವುದು ಹೆಣ್ಣಿನ ಮೂಲಕ. ಒಂದೇ ಪದ ಸೋದರಿಯ ಮಗನಿಗೂ ಮಗಳ ಗಂಡನಿಗೂ ಏಕೆ ಸಲ್ಲುತ್ತದೆಂಬುದನ್ನು ವರಸೆಯ ನೆಲೆಯಿಂದ ವಿವರಿಸಿದರೆ ಗೊಂದಲವೇ ಪಾಠವಾಗುತ್ತದೆ.

ತರಗತಿಯಲ್ಲಿ ಒಂದೇ ವ್ಯವಸ್ಥೆಯವರು ಇರುವುದಿಲ್ಲವೆಂಬುದೂ ಗಮನಾರ್ಹ. ಧಾರವಾಡದ ಕಡೆಯ ‘ಕಾಕಾ’ ಪದದಲ್ಲಿ ಮರಾಠಿಯ ಸಂಪರ್ಕವಿದೆ. ಮುಸ್ಲಿಂ ವಿದ್ಯಾರ್ಥಿಗೆ ಚಿಕ್ಕಪ್ಪನ ಮಗಳು ವಿವಾಹಕ್ಕೆ ನಿಷಿದ್ಧಳಲ್ಲ. ಈ ಭಿನ್ನತೆಗಳನ್ನು ‘ಅಪವಾದ’ಗಳೆಂದು ಬದಿಗಿಡದೆ ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದೇ ತೌಲನಿಕ ವಿಧಾನ.

ಹೀಗೆಂದು ವಿದ್ಯಾರ್ಥಿಯ ಮನೆಯನ್ನೇ ಕ್ಷೇತ್ರವನ್ನಾಗಿಸುವುದು ನಿರಪಾಯಕಾರಿಯಲ್ಲ. ವಂಶವೃಕ್ಷ ಬರೆದು ತರಲು ಹೇಳಿದೊಡನೆ ಜಾತಿ ಬಯಲಾಗುತ್ತದೆ. ತೊರೆದು ಹೋದ ತಂದೆ, ಮನೆಯವರು ಒಪ್ಪದ ಮದುವೆ, ಹೆಸರು ಹೇಳಬಾರದ ಎರಡನೆಯ ಸಂಸಾರ ಹಾಳೆಯ ಮೇಲೆ ಬರುತ್ತವೆ. ಮೇಲುಜಾತಿಯ ವಿದ್ಯಾರ್ಥಿ ಹೆಮ್ಮೆಯಿಂದ ಐದು ತಲೆಮಾರು ಬರೆದರೆ, ಭೂದಾಖಲೆಗಳಲ್ಲಿ ಪೂರ್ವಜರ ಹೆಸರೇ ಇಲ್ಲದ ಮನೆಯ ವಿದ್ಯಾರ್ಥಿ ಅಜ್ಜಿಯ ನೆನಪು ಮುಗಿದಲ್ಲಿ ನಿಲ್ಲಬೇಕಾಗುತ್ತದೆ. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿ ಕ್ಷೇತ್ರಕಾರ್ಯ ಮಾಡಿದರು, 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದ ಬಳಿಕ, ನೆನಪನ್ನೇ ಮುಖ್ಯವಾಗಿ ನೆಚ್ಚಿ ಬರೆದ ಗ್ರಂಥ 1976ರಲ್ಲಿ ಪ್ರಕಟವಾಯಿತು. ಊರಿನ ಮುಖಂಡನ ಆಶ್ರಯದಲ್ಲಿ ಬ್ರಾಹ್ಮಣನಾಗಿ ಉಳಿದುಕೊಂಡದ್ದರಿಂದ ದಲಿತರ ಕೇರಿಯ ಒಡನಾಟ ತಮಗೆ ಸಾಕಷ್ಟು ದಕ್ಕಲಿಲ್ಲವೆಂಬುದನ್ನು ಅವರೇ ಗುರುತಿಸಿದ್ದಾರೆ. ಪದವಿ ತರಗತಿಯಲ್ಲಿ ಈ ಗ್ರಂಥವನ್ನು ‘ಪ್ರಬಲ ಜಾತಿ’ಯ ವ್ಯಾಖ್ಯೆಗಾಗಿ ಉಲ್ಲೇಖಿಸುವಷ್ಟು, ನೋಡುವವನ ನೆಲೆ ಯಾವುದನ್ನು ಕಾಣಿಸುತ್ತದೆ, ಯಾವುದನ್ನು ಮರೆಸುತ್ತದೆ ಎಂಬ ಪ್ರಶ್ನೆಗಾಗಿ ಓದುವುದಿಲ್ಲ. ವಂಶವೃಕ್ಷದ ಬದಲು ನಂಟುಪದಗಳ ಪಟ್ಟಿಯನ್ನು ಕೇಳಿದರೆ ಅಪಾಯ ಕಡಿಮೆ. ಅಲ್ಲಿ ವ್ಯಕ್ತಿಗಳ ಹೆಸರು ಬೇಕಿಲ್ಲ. ಯಾರನ್ನು ಏನೆಂದು ಕರೆಯುತ್ತಾರೆ, ಯಾರೊಡನೆ ವರಸೆ ಕೂಡುವುದಿಲ್ಲ ಎಂಬಷ್ಟು ಮಾಹಿತಿ ಮೊದಲ ಪಾಠಕ್ಕೆ ಸಾಕು. ಖಾಲಿ ಬಿಟ್ಟ ಮನೆಗಳನ್ನು ತುಂಬಲೇಬೇಕೆಂದು ಅಧ್ಯಾಪಕರು ಒತ್ತಾಯಿಸಬೇಕಾಗಿಲ್ಲ.