ಮಂಚಕ್ಕೆ ಕಟ್ಟಿದ ಕಾಲಿಂಗ್ ಬೆಲ್

ನನ್ನದು ವಯರಿಂಗ್ ಕೆಲಸ. ವಾಮದಪದವಿನಿಂದ ಬೈಕಿನಲ್ಲಿ ಹೊರಟರೆ ಒಂದು ದಿನ ಪುಂಜಾಲಕಟ್ಟೆ, ಇನ್ನೊಂದು ದಿನ ಸಿದ್ದಕಟ್ಟೆ, ಕೆಲವೊಮ್ಮೆ ವೇಣೂರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಯಾವ ಮನೆಯ ಮೈನ್ ಸ್ವಿಚ್ ಯಾವ ಮೂಲೆಯಲ್ಲಿದೆಯೆಂದು ಕತ್ತಲಲ್ಲೂ ಹೇಳಬಲ್ಲೆ. ಮೊದಲೆಲ್ಲ ಕೆಲಸಕ್ಕೆ ಕರೆಯುತ್ತಿದ್ದವರು ಮನೆಯವರೇ. ಈಗ ಕರೆ ಬರುವುದು ಬೆಂಗಳೂರಿನಿಂದ, ಮುಂಬೈಯಿಂದ, ದುಬೈಯಿಂದ. "ಅಣ್ಣಾ, ಅಮ್ಮ ಫೋನ್ ತೆಗೀತಾ ಇಲ್ಲ. ಆ ಕಡೆ ಹೋಗುವಾಗ ಒಮ್ಮೆ ನೋಡ್ತೀರಾ?" ಹೋಗಿ ನೋಡಿದರೆ ಅಮ್ಮ ತೋಟದಲ್ಲಿ ಅಡಿಕೆ ಹೆಕ್ಕುತ್ತಿರುತ್ತಾರೆ, ಫೋನು ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ ಬಡಿದುಕೊಳ್ಳುತ್ತಿರುತ್ತದೆ. ವಯಸ್ಸಾದವರಷ್ಟೇ ಉಳಿದಿರುವ ಇಂಥ ಮನೆಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಒಂದೆರಡನ್ನು ನನ್ನ ಮನೆಯಲ್ಲೇ ಪೆಟ್ಟು ತಿಂದು ಕಲಿತೆ.

1. ಹೊಸ ಸಾಮಾನು ತರುವ ಮೊದಲು ಮನೆಯಲ್ಲಿ ಎಂತ ಉಂಟು ನೋಡಿ

ಚೌತಿಗೆ ಬಂದ ಮಕ್ಕಳು ಕೈಗಡಿಯಾರದಂಥದ್ದೋ ಮಾತಾಡುವ ಡಬ್ಬಿಯಂಥದ್ದೋ ತಂದು, ಎರಡು ದಿನ ಕೂತು ಕಲಿಸಿ ಹೋಗುತ್ತಾರೆ. ದೀಪಾವಳಿಗೆ ಬರುವಾಗ ಅದು ಕಪಾಟಿನ ಮೇಲೆ, ಬಂದ ಪೆಟ್ಟಿಗೆಯೊಳಗೇ ಇರುತ್ತದೆ. ಎಪ್ಪತ್ತು ದಾಟಿದವರ ಕೈಗೆ ಗೊತ್ತಿರುವುದು ಟಿವಿ ರಿಮೋಟು, ಮಿಕ್ಸಿ, ಟಾರ್ಚು, ಗುಂಡಿ ಒತ್ತುವ ಫೋನು, ಪಂಪಿನ ಸ್ಟಾರ್ಟರು. ಅದರಲ್ಲೇ ಏನಾದರೂ ಮಾಡಲು ಆಗುತ್ತದೋ ಎಂದು ನಾನು ಮೊದಲು ನೋಡುತ್ತೇನೆ.

ನಿವೃತ್ತ ಮಾಸ್ಟ್ರೊಬ್ಬರ ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿದ್ದೆ. ಫೋನಿನಿಂದ ಕರೆ ಮಾಡಿದರೆ ಪಂಪು ಶುರು, ಇನ್ನೊಮ್ಮೆ ಮಾಡಿದರೆ ಬಂದ್. ಸಿಮ್ ಇರುವ ಆ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ನಂಬರ್ ಸೇರಿಸಬಹುದು. ಬೆಂಗಳೂರಿನಲ್ಲಿರುವ ಮಗನ ನಂಬರನ್ನೂ ಸೇರಿಸಿದೆವು. ಪಂಪು ಓಡಿದ ಕೂಡಲೇ ಅವನಿಗೊಂದು ಮೆಸೇಜ್. ಬೆಳಗ್ಗೆ ಮೆಸೇಜ್ ಬಂತೆಂದರೆ ಅಪ್ಪ ಎದ್ದಿದ್ದಾರೆ, ಕಾಫಿ ಆಗಿದೆ, ಕೈಕಾಲು ಸರಿ ಉಂಟು ಎಂದು ಅರ್ಥ. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಟಾರ್ಟರನ್ನು ಆಟೋದಲ್ಲಿ ಇಟ್ಟರೆ ತ್ರೀಫೇಸ್ ಬಂದ ಕೂಡಲೇ ಪಂಪು ತಾನಾಗಿ ಓಡುತ್ತದೆ, ಅಪ್ಪ ಏಳದಿದ್ದರೂ ಓಡುತ್ತದೆ. ಹಾಗಾಗಿ ಮ್ಯಾನುವಲ್‌ನಲ್ಲಿ ಇಟ್ಟುಕೊಟ್ಟೆ. ಮಾಸ್ಟ್ರಿಗೆ ಹೇಳಿಯೇ ಮಾಡಿದ್ದು. "ನನ್ನ ಹಾಜರಿ ಪುಸ್ತಕವಾ?" ಎಂದು ನಕ್ಕರು.

ಜಪಾನಿನಲ್ಲಿ ಜೋಜಿರುಶಿ ಎಂಬ ಕಂಪನಿ 2001ರಲ್ಲೇ ಇಂಥದ್ದೊಂದು ಬಿಸಿನೀರಿನ ಪಾತ್ರೆ ತಂದಿತ್ತು. ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿದರೆ ದೂರದ ಮಕ್ಕಳಿಗೆ ಸುದ್ದಿ ಹೋಗುತ್ತದೆ. ಅವರಿಗೆ ಚಹಾ, ನಮಗೆ ಅಡಿಕೆ ತೋಟದ ನೀರು. ಮಳೆ ಹಿಡಿದ ಮೇಲೆ ಪಂಪಿಗೆ ಕೆಲಸವಿಲ್ಲ. ಆಗ ನಂಬುವುದು ಬೆಳಗ್ಗೆ ಆರಕ್ಕೆ ವಾಟ್ಸಾಪಿನಲ್ಲಿ ಬರುವ ಗುಲಾಬಿ ಹೂವಿನ 'ಶುಭೋದಯ' ಚಿತ್ರವನ್ನು. ಅದನ್ನು ತಮಾಷೆ ಮಾಡಿ ಗ್ರೂಪನ್ನು ಮ್ಯೂಟ್ ಮಾಡುವ ಮಕ್ಕಳಿಗೆ ನನ್ನದೊಂದು ಮಾತು: ಆ ಹೂವು ಒಂದು ದಿನ ಬಾರದಿದ್ದರೆ ಗೊತ್ತಾಗುವ ಹಾಗೆ ಇಟ್ಟುಕೊಳ್ಳಿ.

2. ಮಂಚದಿಂದ ಸ್ವಿಚ್ಚಿಗೆ ಎಷ್ಟು ಹೆಜ್ಜೆ?

ನಮ್ಮ ಹಳೆಯ ಮನೆಗಳಲ್ಲಿ ಸ್ವಿಚ್ ಬೋರ್ಡು ಬಾಗಿಲ ಬಳಿ, ಮಂಚ ಎದುರು ಮೂಲೆಯಲ್ಲಿ, ಬಚ್ಚಲು ಹಿಂಬದಿಯ ಜಗಲಿ ದಾಟಿ. ರಾತ್ರಿ ಎದ್ದವರು ದೀಪ ಹಾಕಲೆಂದೇ ಕತ್ತಲಲ್ಲಿ ಎಂಟು ಹೆಜ್ಜೆ ನಡೆಯಬೇಕು. ಎಷ್ಟೋ ಮನೆಗಳಲ್ಲಿ ಮಂಚದ ತಲೆಯ ಹತ್ತಿರ ಟೂವೇ ಸ್ವಿಚ್ ಕೂರಿಸಿಕೊಟ್ಟಿದ್ದೇನೆ. ಮೆಟ್ಟಿಲಿಗೆ ಮಾಡುವ ವಯರಿಂಗೇ ಅದು: ಇಲ್ಲಿ ಹಾಕಿ ಅಲ್ಲಿ ಆರಿಸಬಹುದು. ಅರ್ಧ ದಿನದ ಕೆಲಸ.

ನನ್ನ ಮನೆಯಲ್ಲಿ ಮಾತ್ರ ಮಾಡಿರಲಿಲ್ಲ. "ಮಾಡುವ ಅಮ್ಮ, ಮಾಡುವ" ಎನ್ನುತ್ತ ಎರಡು ವರ್ಷ ಕಳೆದೆ. ಒಂದು ಜುಲೈ ರಾತ್ರಿ ಬಚ್ಚಲಿಗೆ ಹೊರಟ ಅಮ್ಮ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿಯಿತು. ದೀಪದ ಬುಡದ ಗಾದೆಯನ್ನು ಆ ವಾರ ನನಗೆ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಆಸ್ಪತ್ರೆಯಿಂದ ಅವರು ಮನೆಗೆ ಬರುವ ಮೊದಲೇ ಸ್ವಿಚ್ ಹಾಕಿಯಾಗಿತ್ತು. ಬಚ್ಚಲ ದಾರಿಗೆ ಮನುಷ್ಯರು ಬಂದರೆ ತಾನೇ ಹೊತ್ತುವ ಸೆನ್ಸರ್ ಬಲ್ಬನ್ನೂ ಹಾಕಿದೆ. ಹಳೆಯ ಹೋಲ್ಡರಿಗೇ ಕೂರುತ್ತದೆ, ಬೇರೆ ವಯರ್ ಬೇಡ. ಅಮ್ಮನ ದೂರು ಒಂದೇ: "ಬೆಕ್ಕು ಹೋದರೂ ಹೊತ್ತುತ್ತದಲ್ಲ ಮಾರಾಯಾ, ಬಿಲ್ಲು ಯಾರು ಕಟ್ಟುವುದು?"

3. ಕಾಲಿಂಗ್ ಬೆಲ್ಲನ್ನು ಬಾಗಿಲಿನಿಂದ ಕಿತ್ತು ಮಂಚಕ್ಕೆ ಕಟ್ಟಿ

ಅಮ್ಮ ಮಲಗಿದ್ದಾಗ ನನ್ನನ್ನು ಉಳಿಸಿದ್ದು ಇದು. ವಯರಿಲ್ಲದ ಕಾಲಿಂಗ್ ಬೆಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಗುಂಡಿಯನ್ನು ಬಾಗಿಲಿಗೆ ಅಂಟಿಸುವ ಬದಲು ಅಮ್ಮನ ಕೈಗೆ ಕೊಟ್ಟೆ. ಬೆಲ್ಲನ್ನು ಅಡುಗೆಮನೆಯಲ್ಲಿ ಹಾಕಿದೆ. ಮೊದಲ ದಿನವೇ ಗುಂಡಿ ತಲೆದಿಂಬಿನ ಅಡಿ ಸಿಕ್ಕಿ, ಅಮ್ಮ ಮಗ್ಗುಲು ಬದಲಿಸಿದಾಗಲೆಲ್ಲ ಮನೆಯಿಡೀ ಹಕ್ಕಿ ಕೂಗಿತು. ಮರುದಿನ ಕಾಣೆಯಾಯಿತು, ಮಂಚದ ಕೆಳಗೆ ಬಿದ್ದಿತ್ತು. ಕೊನೆಗೆ ಗುಂಡಿಯ ಹಿಂಬದಿಗೆ ತೂತು ಮಾಡಿ, ಹಳೆಯ ಸೀರೆಯ ಅಂಚನ್ನು ಸೀಳಿ ಪೋಣಿಸಿ, ಮಂಚದ ಬಲಗಡೆಯ ಕಾಲಿಗೆ ಕಟ್ಟಿದೆ. ಕೈ ಇಳಿಬಿಟ್ಟರೆ ಗುಂಡಿ ಸಿಗುತ್ತದೆ. ಒಂದು ಸಲ ಒತ್ತಿದರೆ ಬಚ್ಚಲು, ಎರಡು ಸಲ ಒತ್ತಿದರೆ ಚಹಾ. ಈ ಕಾನೂನು ಅಮ್ಮನೇ ಮಾಡಿದ್ದು.

ಪ್ಲಗ್ಗಿಗೆ ಚುಚ್ಚುವ ಬೆಲ್ಲು ಕರೆಂಟು ಹೋದಾಗ ಮೂಕವಾಗುತ್ತದೆ ಎಂಬುದು ಒಂದು ಮಳೆಯ ರಾತ್ರಿ ಅನುಭವಕ್ಕೆ ಬಂತು. ಅದನ್ನು ಇನ್ವರ್ಟರ್ ಪಾಯಿಂಟಿಗೇ ಹಾಕಬೇಕು, ಇಲ್ಲವಾದರೆ ಸೆಲ್ಲಿನಲ್ಲಿ ಓಡುವ ಬೆಲ್ಲನ್ನೇ ಕೊಳ್ಳಬೇಕು. ಗುಂಡಿಯೊಳಗಿನ ಪುಟ್ಟ ಬ್ಯಾಟರಿ ಯಾವತ್ತು ಹಾಕಿದ್ದೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ.

4. ಕ್ಯಾಮರಾ ಅಂಗಳ ನೋಡಲಿ, ಅಮ್ಮನನ್ನಲ್ಲ

ವಿದೇಶದಲ್ಲಿರುವ ಮಗಳೊಬ್ಬಳು ಹೇಳಿದಳೆಂದು ಅವಳ ತಾಯಿ ಕೂರುವ ಚಾವಡಿಯಲ್ಲಿ ಕ್ಯಾಮರಾ ಹಾಕಿಕೊಟ್ಟೆ. ಮೂರನೇ ದಿನ ಫೋನು: "ಅಣ್ಣಾ, ಕ್ಯಾಮರಾ ಹಾಳಾಗಿದೆ, ಎಲ್ಲ ಬಿಳಿ ಕಾಣ್ತದೆ." ಹೋದರೆ ಅದರ ಮೇಲೆ ಮೈ ಒರೆಸುವ ಬೈರಾಸು ಇಳಿಬಿಟ್ಟಿತ್ತು. ಆ ಅಮ್ಮ ನನಗೆ ಎಲೆಅಡಿಕೆ ಕೊಟ್ಟು ಮೆಲ್ಲ ಹೇಳಿದರು, "ಸೆಕೆಗೆ ಸೆರಗು ಜಾರಿಸಿ ಕೂರಲಿಕ್ಕಿಲ್ಲವಾ ನನಗೆ, ನನ್ನ ಮನೆಯಲ್ಲಿ?" ನನಗೆ ನಾಚಿಕೆಯಾಯಿತು. ಹಾಕುವ ಮೊದಲು ಮಗಳನ್ನು ಕೇಳಿದ್ದೆ, ಅವರನ್ನು ಕೇಳಿರಲಿಲ್ಲ.

ಅದನ್ನು ತೆಗೆದು ಅಂಗಳಕ್ಕೆ ತಿರುಗಿಸಿದೆ. ಒಣಗಲು ಹಾಕಿದ ಅಡಿಕೆಗೆ ಕಾವಲು, ಗೇಟಿಗೆ ಬಂದವರು ಯಾರೆಂದೂ ತಿಳಿಯುತ್ತದೆ. ಅಡಿಕೆ ಮಗುಚಲು ಅಮ್ಮ ದಿನಕ್ಕೆರಡು ಸಲ ಅಂಗಳಕ್ಕೆ ಇಳಿಯುತ್ತಾರೆ, ಮಗಳು ಅಷ್ಟು ನೋಡಿದರೆ ಸಾಕಲ್ಲ. ಬೈರಾಸು ಮತ್ತೆ ಏರಲಿಲ್ಲ.

5. ಪದವಿನಲ್ಲಿ ರೇಂಜ್, ಮನೆ ಬೈಲಿನಲ್ಲಿ

ಪದವು ಎಂದರೆ ಎತ್ತರದ ಬಯಲು, ಮುರಕಲ್ಲಿನ ನೆಲ. ರೇಂಜ್ ಸಿಗುವುದು ಅಲ್ಲಿ. ತೋಟ ಮತ್ತು ಮನೆಗಳು ಕೆಳಗೆ, ತಗ್ಗಿನ ಬೈಲಿನಲ್ಲಿ. ಮಕ್ಕಳು ಎಷ್ಟು ದೊಡ್ಡ ಫೋನು ಕೊಟ್ಟರೂ ಗುಡ್ಡ ಅಡ್ಡ ನಿಂತಿದೆ. ಮನೆಗೆ ಕೇಬಲ್ ಇಂಟರ್ನೆಟ್ ಬಂದಿದ್ದರೆ ಫೋನಿನ ಸೆಟ್ಟಿಂಗ್ಸಿನಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿ. ನಮ್ಮ ದೇಶದ ಕಂಪನಿಗಳು 2019ರ ಕೊನೆಯಿಂದ ಈ ಸೌಕರ್ಯ ಕೊಡತೊಡಗಿದವು. ಟವರಿಲ್ಲದಿದ್ದರೂ ಮಾಮೂಲಿ ನಂಬರಿಗೇ ಮಾಮೂಲಿ ಕರೆ ಬರುತ್ತದೆ, ಹಿರಿಯರು ಹೊಸದೇನೂ ಕಲಿಯಬೇಕಿಲ್ಲ. ಇದೊಂದೇ ಸೆಟ್ಟಿಂಗಿನಿಂದ ಎಷ್ಟೋ ಮನೆಗಳ ಗಾಬರಿ ಇಳಿದಿದೆ.

ಆದರೆ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ನಮ್ಮ ಅಮ್ಮಂದಿರು ಎಲ್ಲ ಪ್ಲಗ್ ಕೀಳುತ್ತಾರೆ. ಕೀಳಲೇಬೇಕು, ಸಿಡಿಲಿಗೆ ಸುಟ್ಟ ರೌಟರುಗಳು ನನ್ನ ಮನೆಯಲ್ಲಿ ಒಂದು ಗೋಣಿ ಇವೆ. ಬೆಂಗಳೂರಿನ ಮಕ್ಕಳಿಗೆ ಇದು ಮರೆತುಹೋಗಿರುತ್ತದೆ. ಗುಡುಗಿನ ದಿನ ಎಂಟು ಗಂಟೆಯವರೆಗೆ ಫೋನು ಸಿಗುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ.

6. ಇನ್ವರ್ಟರಿನಲ್ಲಿ ಮೊದಲ ಪಾಲು ಯಾರಿಗೆ?

ಮಲಗಿದವರ ಏರ್‌ಬೆಡ್ಡಿಗೆ. ಅದರ ಪಂಪು ತಿನ್ನುವುದು ಹತ್ತು ವಾಟಿನ ಆಸುಪಾಸು, ಆದರೆ ಕರೆಂಟು ಹೋದರೆ ಗಾಳಿ ಇಳಿದು ಬೆನ್ನು ಹಲಗೆಗೆ ತಾಗುತ್ತದೆ. ಆಮೇಲೆ ಬಚ್ಚಲ ದಾರಿಯ ದೀಪ, ಒಂದು ಫ್ಯಾನು, ರೌಟರು. ಟಿವಿ ಕೊನೆಗೆ.

ಮನೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇದ್ದರೆ ಲೆಕ್ಕವೇ ಬೇರೆ. ಐದು ಲೀಟರಿನದ್ದು 300 ವಾಟ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತದೆ. 150 ಆಂಪಿಯರ್-ಅವರಿನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಗಂಟೆ ಇದ್ದರೂ ಕೈಗೆ ಸಿಗುವುದು ಕಡಿಮೆ. ನಾಲ್ಕು ಗಂಟೆ ಓಡಿದರೆ ದೊಡ್ಡದು. ನಮ್ಮಲ್ಲಿ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಾಲ್ಕು ಗಂಟೆಯಲ್ಲಿ ಕರೆಂಟು ಬರುವ ಭರವಸೆ ಇಲ್ಲ. ತುಂಬಿದ ಒಂದು ಸಿಲಿಂಡರ್ ಮನೆಯಲ್ಲಿರಲೇಬೇಕು. ಇನ್ವರ್ಟರ್ ಸೈನ್ ವೇವ್‌ನದ್ದೇ ಆಗಿರಲಿ.

7. ರಿಮೋಟಿಗೆ ಪ್ಲಾಸ್ಟರ್ ಹಚ್ಚಿ

"ಟಿವಿ ಹಾಳಾಗಿದೆ" ಎಂದು ಬರುವ ಕರೆಗಳಲ್ಲಿ ಹೆಚ್ಚಿನವು 'ನೋ ಸಿಗ್ನಲ್'. ಎರಡು ರಿಮೋಟಿನಲ್ಲಿ ಯಾವುದೋ ಒಂದರ ಇನ್‌ಪುಟ್ ಗುಂಡಿ ತಾಗಿರುತ್ತದೆ, ಅಷ್ಟೆ. ಆನ್, ಸೌಂಡು, ಚಾನೆಲ್ ಬಿಟ್ಟು ಉಳಿದ ಗುಂಡಿಗಳ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ. ಇದಕ್ಕಾಗಿ ನನ್ನನ್ನು ಕರೆಯಬೇಡಿ, ಪೆಟ್ರೋಲಿಗೂ ನಾಚಿಕೆ.

8. ಫೋನಿನ ಹತ್ತಿರ ಅರ್ಥಧಾರಿಯ ಕನ್ನಡ

ಟೈಪು ಮಾಡಲು ಬಾರದವರಿಗೆ ಮೈಕಿನ ಗುರುತು ತೋರಿಸಿಕೊಡಿ. ಗೂಗಲ್ 2017ರಿಂದ ಕನ್ನಡದ ಮಾತನ್ನು ಅಕ್ಷರ ಮಾಡುತ್ತಿದೆ. ತುಳುವಿಗೆ ಲಿಖಿತ ಅನುವಾದದ ಭಾಗ್ಯ ಬಂದದ್ದು 2024ರಲ್ಲಿ. ತುಳುವಿನಲ್ಲಿ ಮಾತಾಡಿದರೆ ಫೋನು ಈಗಲೂ ಏನೇನೋ ಬರೆಯುತ್ತದೆ. ದಿನವಿಡೀ ತುಳು ಮಾತಾಡುವ ನನ್ನ ದೊಡ್ಡಮ್ಮ ಯಕ್ಷಗಾನ ಹುಡುಕುವಾಗ ಬೆನ್ನು ನೇರ ಮಾಡಿ, ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಆಡುವ ಕನ್ನಡದಲ್ಲಿ, "ದೇವಿ ಮಹಾತ್ಮೆ ಪ್ರಸಂಗವನ್ನು ತೋರಿಸುವಂಥವನಾಗು" ಎನ್ನುತ್ತಾರೆ. ಫೋನು ತೋರಿಸುತ್ತದೆ! ಮಕ್ಕಳಿಗೂ ವಾಟ್ಸಾಪಿನಲ್ಲಿ ಧ್ವನಿಯೇ ಕಳಿಸುತ್ತಾರೆ. ಧ್ವನಿ ಕೇಳಿದರೆ ನೆಗಡಿಯೂ ತಿಳಿಯುತ್ತದೆ, ಬೇಸರವೂ ತಿಳಿಯುತ್ತದೆ.

9. ನಂಬರುಗಳು ಫೋನಿನಲ್ಲಲ್ಲ, ಗೋಡೆಯ ಮೇಲೆ

ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮೀಟರ್ ಬೋರ್ಡಿನ ಪಕ್ಕ ತೂಗುಹಾಕಿ: ಆಂಬುಲೆನ್ಸಿಗೆ 108, ಯಾವ ತುರ್ತಿಗೂ 112, ಹಿರಿಯ ನಾಗರಿಕರ ಸಹಾಯವಾಣಿ 14567, ಫೋನಿನಲ್ಲಿ ಹಣ ಮೋಸವಾದರೆ 1930, ಕರೆಂಟಿಗೆ ಮೆಸ್ಕಾಂನ 1912. ಮೆಸ್ಕಾಂಗೆ ಹೇಳುವಾಗ ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಕೇಳುತ್ತಾರೆ, ಅದನ್ನೂ ಬರೆಯಿರಿ. ಇಷ್ಟಕ್ಕೆಲ್ಲ ಮೇಲೆ, ಮೊದಲ ಸಾಲಿನಲ್ಲಿ, ಹತ್ತು ನಿಮಿಷದೊಳಗೆ ಬರಬಲ್ಲ ಆಚೆ ಮನೆಯವರ ನಂಬರ್ ಇರಲಿ. ಬೆಂಗಳೂರಿನ ಮಗನದ್ದು ಕೊನೆಗೆ. ಮಗನಿಗೆ ಬೇಸರವಾದರೆ ಆಗಲಿ.

"ಪೊಲೀಸ್, ಸಿಬಿಐ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ವಿಡಿಯೊದಲ್ಲಿ ಹೆದರಿಸುವವರು ಇದ್ದಾರೆ. ಕಾನೂನಿನಲ್ಲಿ ಹಾಗೊಂದು ಅರೆಸ್ಟ್ ಇಲ್ಲ. ಅದನ್ನೂ ರಟ್ಟಿನ ಕೆಳಗೆ ಒಂದು ಸಾಲು ಬರೆಯಿರಿ.

ಆಂಬುಲೆನ್ಸಿನವರಿಗೆ ಬೈಲಿನ ಮನೆ ಸಿಗುವುದು ಕಷ್ಟ. ಯಾವ ಕಟ್ಟೆಯ ಬಳಿ ತಿರುಗಬೇಕು, ಜೀಪು ಎಲ್ಲಿಯವರೆಗೆ ಇಳಿಯುತ್ತದೆ ಎಂಬುದು ಅದೇ ರಟ್ಟಿನಲ್ಲಿರಲಿ. ಗಾಬರಿಯಲ್ಲಿ ಸ್ವಂತ ಮನೆಯ ದಾರಿ ಹೇಳಲೂ ನಾಲಗೆ ತೊದಲುತ್ತದೆ. ಅಮ್ಮ ಬಿದ್ದ ರಾತ್ರಿ ನಾನೇ ತೊದಲಿದ್ದೇನೆ.

10. ಅರ್ತಿಂಗಿಗೆ ನೀರು ಹೊಯ್ಯಿರಿ

ಮುರಕಲ್ಲಿನ ನೆಲ ಮಾರ್ಚ್ ತಿಂಗಳಿಗೆ ಇಟ್ಟಿಗೆಯಂತೆ ಒಣಗುತ್ತದೆ, ಅರ್ತಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಬೇಕು. ಮೈನಿನ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒದ್ದೆ ಕೈ ತಂತಿಗೆ ತಾಗಿ ಮೈಯಿಂದ ನೆಲಕ್ಕೆ ಕರೆಂಟು ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಮೇಲೆ ಹೇಳಿದ ಒಂಬತ್ತರಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಇದನ್ನೋದಿ ನಿಮ್ಮ ಅಪ್ಪ ಅಮ್ಮನ ಮನೆಯ ವಯರಿಂಗ್ ನೋಡಿಸಬೇಕೆಂದು ಅನಿಸಿದರೆ, ಆ ಊರಿನ ವಯರಿಂಗಿನವನನ್ನು ಪತ್ತನಾಜೆಯ ಮೊದಲು, ಮಳೆ ಹಿಡಿಯುವ ಮುಂಚೆಯೇ ಕರೆಯಿರಿ. ಜೂನ್ ಮಳೆಯಲ್ಲಿ ಏಣಿ ಹತ್ತಲು ಅವನೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.