ಹದಿನೆಂಟು ತುಂಬದ ಮಗನನ್ನು ಪೊಲೀಸರು ಹಿಡಿದರೆ

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಹೆತ್ತವರಿಗೆ ತಿಳಿಸಿ, ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಮೊದಲು ಬೇಕಾದದ್ದು ವಯಸ್ಸಿನ ದಾಖಲೆ. ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ ಇಲ್ಲವೇ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಯಾವುದೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಗಾಬರಿಯಲ್ಲಿ ಎಲ್ಲರೂ ಹಿಡಿದು ಓಡುವ ಆಧಾರ್ ಕಾರ್ಡ್ ಈ ಪಟ್ಟಿಯಲ್ಲೇ ಇಲ್ಲ.

ಹುಡುಗನಿಂದ ಯಾವ ಹೇಳಿಕೆಗೂ ಸಹಿ ಹಾಕಿಸುವಂತಿಲ್ಲ. ಠಾಣೆಯಲ್ಲೇ ಗದರಿಸಿ ‘ತಪ್ಪಾಯ್ತು ಅನ್ನು’ ಎಂದು ಒಪ್ಪಿಸುವ ತಂದೆಯಿಂದ ಮಗನಿಗೆ ಕೇಡೇ ಹೆಚ್ಚು. ಆರೋಪ ಜಾಮೀನುರಹಿತವಾದರೂ ಜಾಮೀನು ಸಿಗುವುದೇ ಸಾಮಾನ್ಯ ನಿಯಮ. ನಿರಾಕರಿಸಿದರೆ ಮಂಡಳಿ ಕಾರಣ ಬರೆಯಲೇಬೇಕು. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.